ಗೋಡೆಗಂಬಳಿಯ ಲೆಕ್ಕ
(ಒಂದು ಅಭ್ಯಾಸ ಲೇಖನ)



ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯ ಇಯತ್ತೆಯವರೆಗೆ ಚಿಕ್ಕೋಡಿ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಕಲಿತು ಆಮೇಲೆ ಪುಣೆಗೆ ಬಂದವನು. ನಮ್ಮ ಸಂಘದ ಪತ್ರಿಕೆಯಲ್ಲಿ ಇದುವರೆಗೆ ಕವಿತೆ ಬಂದಿವೆ, ವಿಮರ್ಶೆ ಬಂದಿವೆ. ಡೆಬಿಟ್ಟು-ಕ್ರೆಡಿಟ್ಟು ಬಂದದ್ದು ಕಾಣೆ. ಈ ಲೇಖನದಲ್ಲಿ ಅದೂ ಸ್ವಲ್ಪ ಬರುತ್ತದೆ. ಕನ್ನಡ ಸಾಹಿತ್ಯ ಓದುವವರು ದಯವಿಟ್ಟು ಪುಟ ತಿರುವಿ ಹೋಗಬಾರದು. ಲೆಕ್ಕದ ಕೊನೆಗೆ ಒಂದು ಮನೆತನದ ಪ್ರಶ್ನೆ ಇದೆ.

೧. ಮಂಚದ ಕೆಳಗಿನ ಕಂಬಳಿ

ಪುಣೆಗೆ ಹೊರಡುವಾಗ ಅವ್ವ ನನ್ನ ಟ್ರಂಕಿನ ಮೇಲೆ ಒಂದು ಕರಿ ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದಳು. ಅವಳ ತವರಿನಲ್ಲಿ ಅಜ್ಜ ನೇಯ್ದದ್ದು. ಹಾಸ್ಟೆಲಿನ ಮೊದಲನೆಯ ರಾತ್ರಿ ಅದನ್ನು ಬಿಚ್ಚಿದಾಗ ರೂಮಿನ ಗೆಳೆಯ "ಅರೇ, ಘೋಂಗಡಿ!" ಎಂದು ನಕ್ಕ. ಅವನ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನ ಅಜ್ಜಿಯ ಮನೆಯಲ್ಲೂ ಅಂಥದೊಂದು ಇತ್ತಂತೆ. ಆದರೆ ನನಗೆ ಮಾತ್ರ ಮುಖ ಬಿಸಿಯಾಯಿತು. ಮರುದಿನವೇ ಪೇಟೆಗೆ ಹೋಗಿ ಹೂವಿನ ಚಿತ್ರದ ಮಿಲ್ಲಿನ ಚಾದರ ತಂದೆ. ಕಂಬಳಿ ಮಂಚದ ಕೆಳಗೆ ಹೋಯಿತು. ಒಂದೂವರೆ ವರ್ಷ ಅಲ್ಲೇ ಇತ್ತು.

ಈ ವರ್ಷ ಕಾಸ್ಟಿಂಗ್ ವಿಷಯದಲ್ಲಿ ಒಂದು ಅಭ್ಯಾಸ ಕೊಟ್ಟರು: ತಯಾರಿಕೆಯ ಖರ್ಚಿಗೂ ಮಾರುಕಟ್ಟೆಯ ಬೆಲೆಗೂ ಬಹಳ ಅಂತರವಿರುವ ಒಂದು ವಸ್ತುವನ್ನು ಆರಿಸಿ, ಆ ಅಂತರ ಎಲ್ಲಿಂದ ಬಂತು ಎಂದು ಬರೆಯಿರಿ. ಎಲ್ಲರೂ ಸುಗಂಧದ ಶೀಸೆ, ವಿದೇಶಿ ಗಡಿಯಾರ ಎಂದು ಬರೆದುಕೊಂಡರು. ನಾನು ಲೈಬ್ರರಿಯಲ್ಲಿ ಪುಸ್ತಕ ತಡವುತ್ತಿರುವಾಗ ಒಂದು ದೊಡ್ಡ ಬಣ್ಣದ ಚಿತ್ರ ಸಿಕ್ಕಿತು. ಕೆಂಪು, ನೀಲಿ, ಹಳದಿ ತುಂಡುಗಳು. ನಡುನಡುವೆ ಕಪ್ಪು ಗೆರೆಗಳು. ಪೇಂಟಿಂಗ್ ಇರಬೇಕು ಅಂದುಕೊಂಡೆ. ಕೆಳಗೆ ವಸ್ತು ಎಂಬಲ್ಲಿ ಒಂದೇ ಶಬ್ದ ಇತ್ತು: ಉಣ್ಣೆ. ರಚಿಸಿದವನು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ. ಅಂಥದೇ ಒಂದು ತುಂಡಿಗೆ ೨೦೧೫ರ ಹರಾಜಿನಲ್ಲಿ ನಾಲ್ಕು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಬೆಲೆ ಬಂದಿತ್ತು.

ಉಣ್ಣೆ ಎಂದು ಓದಿದ ಕೂಡಲೇ ನನಗೆ ಮಂಚದ ಕೆಳಗಿನದು ನೆನಪಾಯಿತು. ರೂಮಿಗೆ ಹೋಗಿ ಎಳೆದು ತೆಗೆದೆ. ಮಡಿಕೆಯ ಉದ್ದಕ್ಕೂ ನುಸಿ ತಿಂದು ಐದಾರು ತೂತು ಬಿದ್ದಿದ್ದವು.

೨. ಮೊದಲು ಹೆಸರು

ಟ್ಯಾಪೆಸ್ಟ್ರಿ ಎಂಬುದಕ್ಕೆ ನಮ್ಮಲ್ಲಿ ಬಳಕೆಯ ಶಬ್ದವಿಲ್ಲ. ಚಿತ್ರಪಟ ಎಂದರೆ ಬೇರೆ ಅರ್ಥ ಬರುತ್ತದೆ, ರತ್ನಗಂಬಳಿ ನೆಲಕ್ಕೆ ಹಾಸುವಂಥದು. ಇದು ಗೋಡೆಗೆ ತೂಗು ಹಾಕುವ ನೇಯ್ಗೆ. ಆದ್ದರಿಂದ ನಾನು ಇದನ್ನು ಗೋಡೆಗಂಬಳಿ ಎಂದು ಕರೆಯುತ್ತೇನೆ. ಗೋಡೆ ಕೂಡಿಸು ಕಂಬಳಿ, ಕಕಾರಕ್ಕೆ ಗಕಾರ, ಆದೇಶ ಸಂಧಿ. ಹೈಸ್ಕೂಲಿನಲ್ಲಿ ಕಲಿತದ್ದು ಬಿ.ಕಾಂ.ನಲ್ಲಿ ಇದೊಂದೇ ಸಲ ಉಪಯೋಗಕ್ಕೆ ಬಂತು.

ಗೋಡೆಗಂಬಳಿಯಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಬರೆದಿರುವುದಿಲ್ಲ, ಕಸೂತಿಯಂತೆ ಹೊಲಿದಿರುವುದೂ ಇಲ್ಲ. ಬಟ್ಟೆಯೇ ಚಿತ್ರ. ಯಾವ ನೇಯ್ಗೆಯಲ್ಲಾದರೂ ಹಾಸು, ಹೊಕ್ಕು ಎಂದು ಎರಡು ನೂಲು ಇರುತ್ತವೆ. ಕಂಬಳಿಯಲ್ಲಿ ಲಾಳಿಯು ಹೊಕ್ಕಿನ ನೂಲನ್ನು ಈ ಅಂಚಿನಿಂದ ಆ ಅಂಚಿಗೆ ಒಂದೇ ಏಟಿಗೆ ಒಯ್ಯುತ್ತದೆ. ಗೋಡೆಗಂಬಳಿಯಲ್ಲಿ ಹಾಗಲ್ಲ. ಕೆಂಪು ನೂಲು ಕೆಂಪು ಜಾಗ ಮುಗಿಯುವಲ್ಲಿಗೆ ನಿಂತು ಹಿಂದಿರುಗುತ್ತದೆ. ಅದರ ಪಕ್ಕಕ್ಕೆ ನೀಲಿ ನೂಲು ಹೊರಡುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ನೂಲಿನ ಕಡ್ಡಿ. ಹೊಕ್ಕನ್ನು ಎಷ್ಟು ಒತ್ತಾಗಿ ಬಡಿಯುತ್ತಾರೆಂದರೆ ಹಾಸು ಪೂರ್ತಿ ಮುಚ್ಚಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ.

ಫ್ರಾನ್ಸ್ ದೇಶದ ನಡುಭಾಗದಲ್ಲಿ ಒಬ್ಯುಸಾನ್ ಎಂಬ ಸಣ್ಣ ಊರಿದೆ. ಐನೂರು ವರ್ಷಗಳಿಂದ ಅಲ್ಲಿ ಇದೇ ಕಸುಬು. ೨೦೦೯ರಲ್ಲಿ ಯುನೆಸ್ಕೋ ಈ ಕಸುಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಮಗ್ಗ ನೆಲಕ್ಕೆ ಸಮಾಂತರವಾಗಿ ಮಲಗಿರುತ್ತದೆ. ಚಿತ್ರಕಾರ ಕೊಟ್ಟ ಪೂರ್ಣ ಅಳತೆಯ ನಕ್ಷೆಯನ್ನು ಹಾಸಿನ ಕೆಳಗೆ ಇಟ್ಟುಕೊಂಡು ನೇಕಾರರು ಹಿಂಬದಿಯಿಂದ ನೇಯುತ್ತಾರೆ. ಆದ್ದರಿಂದ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆದಿರಬೇಕು. ಮಗ್ಗದಿಂದ ಕತ್ತರಿಸಿ ಇಳಿಸುವ ದಿನವೇ ಇಡೀ ಚಿತ್ರದ ಮುಖ ಕಾಣುವುದು. ಒಬ್ಬ ನುರಿತ ನೇಕಾರನಿಗೆ ಒಂದು ಚದರ ಮೀಟರಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಈ ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

೩. ವಾಸ್ತುಶಿಲ್ಪಿಗೆ ಕಂಬಳಿಯ ಉಸಾಬರಿ ಯಾಕೆ?

ಲ ಕಾರ್ಬೂಸಿಯೆಯ ನಿಜವಾದ ಹೆಸರು ಶಾರ್ಲ್ ಎದುವಾರ್ ಜಾನ್ನೆರೆ. ೧೮೮೭ರಲ್ಲಿ ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಿಸುವ ಒಂದು ಊರಿನಲ್ಲಿ ಹುಟ್ಟಿದ. ಹುಡುಗನಾಗಿದ್ದಾಗ ಗಡಿಯಾರದ ಕವಚದ ಮೇಲೆ ಕೆತ್ತನೆ ಮಾಡುವುದನ್ನು ಕಲಿತ. ಮುಂದೆ ಪ್ಯಾರಿಸ್ಸಿಗೆ ಹೋಗಿ ಕಾಂಕ್ರೀಟಿನ ಕಟ್ಟಡಗಳಿಂದ ಜಗತ್ಪ್ರಸಿದ್ಧನಾದ. ಬೆಳಗಿನ ಹೊತ್ತು ಚಿತ್ರ ಬರೆಯುವುದು, ಮಧ್ಯಾಹ್ನ ಆಫೀಸು, ಇದು ಅವನ ದಿನಚರಿ. ೧೯೬೫ರಲ್ಲಿ ಸಮುದ್ರದಲ್ಲಿ ಈಜುತ್ತಿದ್ದಾಗ ತೀರಿಕೊಂಡ.

ಅವನ ಮೊದಲನೆಯ ಗೋಡೆಗಂಬಳಿ ೧೯೩೬ರದು. ಪ್ಯಾರಿಸ್ಸಿನ ಮರೀ ಕ್ಯುತೋಲಿ ಎಂಬ ಮಹಿಳೆ ಪಿಕಾಸೋ, ಲೆಜೇ ಮೊದಲಾದ ಹೊಸ ಚಿತ್ರಕಾರರಿಂದ ನಕ್ಷೆ ಬರೆಯಿಸಿ ನೇಯಿಸುತ್ತಿದ್ದಳು, ಇವನಿಂದಲೂ ಬರೆಯಿಸಿದಳು. ೧೯೪೮ರಿಂದ ಒಬ್ಯುಸಾನಿನ ಕಲಾಶಾಲೆಯ ಅಧ್ಯಾಪಕ ಪಿಯೇರ್ ಬೋದ್ವೆಂ ಅವನ ಜೊತೆಗೂಡಿದ. ಚಿತ್ರವನ್ನು ಮಗ್ಗಕ್ಕೆ ಒಗ್ಗುವಂತೆ ಮಾಡಿಕೊಡುವುದು, ಬಣ್ಣದ ನೂಲು ಆರಿಸುವುದು, ನೇಯ್ಗೆಯ ಮೇಲ್ವಿಚಾರಣೆ, ಎಲ್ಲವೂ ಬೋದ್ವೆಂನ ಕೆಲಸ. ಹೀಗೆ ಇಬ್ಬರೂ ಕೂಡಿ ಇಪ್ಪತ್ತೈದಕ್ಕೂ ಹೆಚ್ಚು ಗೋಡೆಗಂಬಳಿಗಳನ್ನು ಮಾಡಿದರು.

ಇದಕ್ಕೆ ಕಾರ್ಬೂಸಿಯೆ ಕೊಟ್ಟ ಕಾರಣ ಸ್ವಾರಸ್ಯವಾಗಿದೆ. ಹಿಂದಿನ ಕಾಲದವರು ತಲೆತಲಾಂತರ ಒಂದೇ ಮನೆಯಲ್ಲಿದ್ದರು, ಗೋಡೆಯ ಮೇಲೆ ಚಿತ್ರ ಬರೆಸಿಕೊಂಡರು. ಇಂದಿನ ಮನುಷ್ಯ ಬಾಡಿಗೆಯ ಮನೆಯವನು. ನೌಕರಿ ಬದಲಾದರೆ ಮನೆ ಬದಲಾಗುತ್ತದೆ, ಗೋಡೆಯನ್ನು ಹೊತ್ತುಕೊಂಡು ಹೋಗಲಾರ. ಉಣ್ಣೆಯ ಗೋಡೆಯನ್ನಾದರೆ ಬಿಚ್ಚಿ, ಸುರುಳಿ ಸುತ್ತಿ, ಬಗಲಲ್ಲಿಟ್ಟುಕೊಂಡು ಹೋಗಬಹುದು. ಆದ್ದರಿಂದ ಇದಕ್ಕೆ ಅವನು "ಅಲೆಮಾರಿಯ ಭಿತ್ತಿಚಿತ್ರ" ಎಂಬ ಅರ್ಥದ ಹೆಸರಿಟ್ಟ.

ಈ ಮಾತು ಓದಿ ನನಗೆ ನಗು ಬಂತು. ಬಗಲಲ್ಲಿ ಉಣ್ಣೆಯ ಮನೆ ಇಟ್ಟುಕೊಂಡು ಅಲೆಯುವವರನ್ನು ನೋಡಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಭಾಗದ ಹೊಲಗಳಲ್ಲಿ ಕುರಿ ತರುಬುವವರನ್ನು ನೋಡಬೇಕು. ಕಂಬಳಿ ಹೆಗಲ ಮೇಲಿದ್ದರೆ ಅಂಗಿ, ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಕೊಡೆ, ನೆಲದ ಮೇಲೆ ಹಾಸಿದರೆ ಮನೆ, ಬೀರಪ್ಪನ ಪೂಜೆಗೆ ಹಾಸಿದರೆ ಗದ್ದುಗೆ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಹಸಿ ಎನ್ನಿಸುವುದಿಲ್ಲ. ಕುರಿಯ ಮೈಜಿಡ್ಡು ಸ್ವಲ್ಪ ಉಳಿದಿರುವುದರಿಂದ ಮಳೆಹನಿ ಜಾರುತ್ತದೆ. ಗಡಿಯ ಆಚೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ವಿಠ್ಠಲ-ಬೀರದೇವರ ಜಾತ್ರೆಗೆ ಹೋದರೆ ಧನಗರರ ಹೆಗಲ ಮೇಲೆ ಇದೇ ಕಂಬಳಿ ಕಾಣುತ್ತದೆ. ಭಾಷೆ ಬದಲಾದಾಗ ಹೆಸರು ಘೋಂಗಡಿ ಆಗುತ್ತದೆ, ಉಣ್ಣೆ ಅದೇ.

ಅಳತೆಯಲ್ಲೂ ಒಂದು ಹೋಲಿಕೆ ಉಂಟು. ಮೀಟರಿಗೆ ಮನುಷ್ಯನ ಪರಿಚಯವಿಲ್ಲವೆಂದು ಕಾರ್ಬೂಸಿಯೆ ತನ್ನದೇ ಮಾನವೊಂದನ್ನು ಮಾಡಿಕೊಂಡಿದ್ದ. ಆಳಿನ ಎತ್ತರ ೧.೮೩ ಮೀಟರ್, ಕೈಯೆತ್ತಿ ನಿಂತರೆ ೨.೨೬ ಮೀಟರ್. ಕಟ್ಟಡದ ಕೋಣೆಯ ಎತ್ತರಕ್ಕೂ ಗೋಡೆಗಂಬಳಿಗೂ ಇದೇ ಮಾನ. ನಮ್ಮ ಅಜ್ಜ ಕಂಬಳಿಯನ್ನು ಅಳೆಯುವುದು ಮೊಳದಿಂದ. ಇಬ್ಬರ ಅಳತೆಗೋಲೂ ಮೈಗೆ ಅಂಟಿಕೊಂಡೇ ಇದೆ.

೪. ಪುಣೆಯ ಕೊಂಡಿ, ಚಂಡೀಗಡದ ಪ್ರತಿಧ್ವನಿ

ಇಷ್ಟು ದೂರದ ಮನುಷ್ಯನಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನಮ್ಮ ಪುಣೆಯಲ್ಲೇ ಇದೆ. ಬಾಲಕೃಷ್ಣ ದೋಶಿಯವರು ೧೯೨೭ರಲ್ಲಿ ಪುಣೆಯಲ್ಲಿ ಹುಟ್ಟಿದರು. ಅವರದು ಮರದ ಸಾಮಾನು ತಯಾರಿಸುವ ಮನೆತನ. ಮುಂಬಯಿಯಲ್ಲಿ ಓದಿ, ೧೯೫೧ರಿಂದ ೧೯೫೪ರವರೆಗೆ ಪ್ಯಾರಿಸ್ಸಿನಲ್ಲಿ ಕಾರ್ಬೂಸಿಯೆಯ ಕೈಕೆಳಗೆ ದುಡಿದರು. ಆಮೇಲೆ ಅಹಮದಾಬಾದಿನಲ್ಲಿ ಅವನ ಕಟ್ಟಡಗಳ ಉಸ್ತುವಾರಿ ನೋಡಿಕೊಂಡರು. ಅವುಗಳಲ್ಲಿ ಒಂದು ಬಟ್ಟೆ ಗಿರಣಿ ಮಾಲಕರ ಸಂಘದ ಕಟ್ಟಡ. ನಮ್ಮಂಥ ಕಾಮರ್ಸ್ ಹುಡುಗರು ಕನಸು ಕಾಣುವ ಬೆಂಗಳೂರಿನ ಐ.ಐ.ಎಂ. ಕಟ್ಟಡವೂ ದೋಶಿಯವರದೇ. ೨೦೧೮ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಬಂತು. ಭಾರತೀಯರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ೨೦೨೩ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡರು.

ಇನ್ನು ಚಂಡೀಗಡ. ೧೯೪೭ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಗಿ ಪಂಜಾಬಿಗೆ ರಾಜಧಾನಿ ಇಲ್ಲದಾಯಿತು. ಹೊಸ ಊರು ಕಟ್ಟಲು ನೆಹರೂ ಸರಕಾರ ಕಾರ್ಬೂಸಿಯೆಯನ್ನು ಕರೆಸಿತು. ೧೯೫೧ರಲ್ಲಿ ಅವನು ಮೊದಲ ಸಲ ಬಂದ. ಅಲ್ಲಿಯ ಹೈಕೋರ್ಟು ೧೯೫೫ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು.

ಆ ಹೈಕೋರ್ಟು ಪೂರ್ತಿ ಕಾಂಕ್ರೀಟು. ಕಾಂಕ್ರೀಟಿನ ಬರೇ ಗೋಡೆಗೆ ಶಬ್ದ ಬಡಿದರೆ ಚೆಂಡಿನಂತೆ ತಿರುಗಿ ಬರುತ್ತದೆ. ಎತ್ತರದ ಕೋಣೆಯಲ್ಲಿ ವಕೀಲರು ಆಡಿದ ಮೊದಲ ಮಾತು ಇನ್ನೂ ಸುತ್ತುತ್ತಿರುವಾಗಲೇ ಎರಡನೆಯ ಮಾತು ಹೊರಟರೆ ಯಾವುದೂ ತಿಳಿಯುವುದಿಲ್ಲ. ನ್ಯಾಯಾಲಯದಲ್ಲಿ ಒಂದು ಶಬ್ದ ತಪ್ಪಿ ಕೇಳಿದರೂ ಒಬ್ಬನ ಬದುಕು ಏರುಪೇರು. ಇದಕ್ಕೆ ಉಪಾಯ ಉಣ್ಣೆ. ಉಣ್ಣೆಯ ಎಳೆಗಳ ನಡುವೆ ಗಾಳಿ ತುಂಬಿರುತ್ತದೆ; ಶಬ್ದದ ಅಲೆ ಆ ಸಂದಿಗಳಲ್ಲಿ ಹೊಕ್ಕು, ಎಳೆಗಳಿಗೆ ತಿಕ್ಕಿ, ಸ್ವಲ್ಪ ಕಾವಾಗಿ ಸತ್ತುಹೋಗುತ್ತದೆ. ಆದ್ದರಿಂದ ಕಾರ್ಬೂಸಿಯೆ ನ್ಯಾಯಾಧೀಶರ ಪೀಠದ ಹಿಂದಿನ ಗೋಡೆಯನ್ನೆಲ್ಲ ಉಣ್ಣೆಯಿಂದ ಮುಚ್ಚಿದ. ಎಂಟು ಕೋಣೆಗಳಿಗೆ ತಲಾ ೬೪ ಚದರ ಮೀಟರ್, ಮುಖ್ಯ ನ್ಯಾಯಮೂರ್ತಿಗಳ ದೊಡ್ಡ ಕೋಣೆಗೆ ೧೪೪ ಚದರ ಮೀಟರ್. ಒಟ್ಟು ೬೫೬. ನಾನು ನನ್ನ ಕಂಬಳಿಯನ್ನು ಟೇಪು ಹಿಡಿದು ಅಳೆದೆ: ಎಂಟಡಿ ಉದ್ದ, ನಾಲ್ಕಡಿ ಅಗಲ, ಅಂದರೆ ಹೆಚ್ಚುಕಡಿಮೆ ಮೂರು ಚದರ ಮೀಟರ್. ಆ ಒಂಬತ್ತು ಗೋಡೆಗಳಿಗೆ ಇಂಥ ಸುಮಾರು ೨೨೦ ಕಂಬಳಿ ಬೇಕು.

ಚಿತ್ರಗಳಲ್ಲಿ ಸೂರ್ಯ, ಮೋಡ, ಮಿಂಚು, ಬಳುಕುವ ನದಿ, ತಕ್ಕಡಿ ಮುಂತಾದ ಗುರುತುಗಳು; ಸುತ್ತ ದೊಡ್ಡದೊಡ್ಡ ಬಣ್ಣದ ಚೌಕಗಳು. ಕೆಲವು ನ್ಯಾಯಾಧೀಶರಿಗೆ ಇವು ಹಿಡಿಸಲಿಲ್ಲ, ನ್ಯಾಯಾಲಯದ ಗಾಂಭೀರ್ಯಕ್ಕೆ ಒಪ್ಪುವುದಿಲ್ಲ ಎಂದು ಆಕ್ಷೇಪಿಸಿದರು. ೨೦೧೬ರಲ್ಲಿ ಯುನೆಸ್ಕೋ ಏಳು ದೇಶಗಳಲ್ಲಿರುವ ಕಾರ್ಬೂಸಿಯೆಯ ೧೭ ನಿರ್ಮಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಹೈಕೋರ್ಟು ಇರುವ ಆವರಣವೂ ಅದರಲ್ಲಿ ಸೇರಿತು.

ಈ ೬೫೬ ಚದರ ಮೀಟರನ್ನು ನೇಯ್ದವರು ಒಬ್ಯುಸಾನಿನವರಲ್ಲ, ಕಾಶ್ಮೀರದವರು. ಪುಸ್ತಕಗಳಲ್ಲಿ ಕಾರ್ಬೂಸಿಯೆಯ ಹೆಸರಿದೆ, ನೆಹರೂರವರ ಹೆಸರಿದೆ. ನೇಯ್ದವರ ವಿಷಯ ಬಂದಾಗ "ಕಾಶ್ಮೀರದ ನೇಕಾರರು" ಎಂದು ಎರಡೇ ಶಬ್ದ ಬರೆದು ಮುಂದೆ ಹೋಗುತ್ತಾರೆ.

೫. ಬೆಲೆ ಎಲ್ಲಿಂದ ಬರುತ್ತದೆ?

ಈಗ ನಮ್ಮ ಕಾಸ್ಟಿಂಗ್ ಪ್ರಶ್ನೆಗೆ ಬರೋಣ. ಹರಾಜಿನ ಆ ಗೋಡೆಗಂಬಳಿಯ ಕತೆ ಹೀಗಿದೆ. ಸಿಡ್ನಿಯ ಆಪೆರಾ ಹೌಸಿನ ವಾಸ್ತುಶಿಲ್ಪಿ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ ತನ್ನ ಕಟ್ಟಡಕ್ಕಾಗಿ ಕಾರ್ಬೂಸಿಯೆಯನ್ನು ಕೇಳಿಕೊಂಡ. ೧೯೬೦ರಲ್ಲಿ ಅದು ಸಿದ್ಧವಾಯಿತು. ಎರಡು ಮೀಟರಿಗೂ ಹೆಚ್ಚು ಎತ್ತರ, ಮೂರೂವರೆ ಮೀಟರಿನಷ್ಟು ಅಗಲ. ಆದರೆ ಸರಕಾರದೊಡನೆ ಜಗಳವಾಗಿ ೧೯೬೬ರಲ್ಲಿ ಉಟ್ಸೋನ್ ಕೆಲಸ ಬಿಟ್ಟು ಊರಿಗೆ ಹೋದ. ಗೋಡೆಗಂಬಳಿ ಅವನ ಮನೆಯ ಗೋಡೆಯ ಮೇಲೆಯೇ ಉಳಿಯಿತು. ೨೦೧೫ರಲ್ಲಿ ಹರಾಜಿಗೆ ಬಂದಾಗ ಸಿಡ್ನಿ ಆಪೆರಾ ಹೌಸಿನವರು ದಾನಿಗಳ ಹಣದಿಂದ ಕೊಂಡು ೨೦೧೬ರಲ್ಲಿ ತಮ್ಮ ಕಟ್ಟಡದಲ್ಲಿ ತೂಗುಹಾಕಿದರು.

ಈ ಬೆಲೆಯನ್ನು ಬಿಡಿಸಿ ನೋಡಿದರೆ ಉಣ್ಣೆಯ ಪಾಲು ಎಳ್ಳಷ್ಟು. ಕೂಲಿಯ ಪಾಲು ಇದೆ, ಚದರ ಮೀಟರಿಗೆ ಒಂದು ತಿಂಗಳು ಎಂದರೆ ಅದು ಸಣ್ಣದಲ್ಲ. ಆದರೆ ಅದೇ ಊರಿನಲ್ಲಿ, ಅಷ್ಟೇ ದಿನ ಹಿಡಿದು, ಹೆಸರಿಲ್ಲದ ಚಿತ್ರಕಾರನ ನಕ್ಷೆಯಿಂದ ನೇಯ್ದದ್ದಕ್ಕೆ ಇಷ್ಟು ಬೆಲೆ ಬರುವುದಿಲ್ಲ. ಹಾಗಾದರೆ ಕೂಲಿಯ ಆಚೆಗೆ ಮೂರು ಸಂಗತಿಗಳಿವೆ.

ಒಂದು, ಹೆಸರು. ಬಟ್ಟೆಯಲ್ಲೇ ಕಾರ್ಬೂಸಿಯೆಯ ಸಹಿ ನೇಯ್ದಿರುತ್ತದೆ.

ಎರಡು, ಎಣಿಕೆ. ಒಂದೇ ನಕ್ಷೆಯಿಂದ ಸಾವಿರ ನೇಯ್ದರೆ ಅದು ಚಾದರ. ಫ್ರಾನ್ಸಿನ ತೆರಿಗೆ ಕಾನೂನಿನ ಪ್ರಕಾರ ಕಲಾವಿದನ ಮೂಲ ನಕ್ಷೆಯಿಂದ ಕೈಯಲ್ಲಿ ನೇಯ್ದ ಪ್ರತಿಗಳು ಎಂಟನ್ನು ಮೀರದಿದ್ದರೆ ಮಾತ್ರ ಅದು ಮೂಲ ಕಲಾಕೃತಿ. ಒಂಬತ್ತನೆಯದು ಮಗ್ಗದಿಂದ ಇಳಿದರೆ ಎಲ್ಲದರ ಮಾನವೂ ಇಳಿಯುತ್ತದೆ. ಪೂರೈಕೆಯನ್ನು ಕಟ್ಟಿಹಾಕುವುದೆಂದು ನಾವು ಅರ್ಥಶಾಸ್ತ್ರದಲ್ಲಿ ಓದುವುದು ಇದನ್ನೇ.

ಮೂರು, ಚೀಟಿ. ಗೋಡೆಗಂಬಳಿಯ ಬೆನ್ನಿಗೆ ಒಂದು ಅರಿವೆಯ ತುಂಡು ಹೊಲಿದಿರುತ್ತಾರೆ. ಅದರ ಮೇಲೆ ಚಿತ್ರದ ಹೆಸರು, ಅಳತೆ, ಎಷ್ಟನೆಯ ಪ್ರತಿ, ಯಾವ ಕಾರ್ಖಾನೆಯ ನೇಯ್ಗೆ ಎಂಬ ವಿವರ, ಸಹಿ. ಕೊಳ್ಳುವವರು ಮುಂದಿನ ಬಣ್ಣ ನೋಡುವ ಮೊದಲು ತಿರುಗಿಸಿ ಬೆನ್ನು ನೋಡುತ್ತಾರಂತೆ.

ಈ ಮೂರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಡವೇ ಸಾಕ್ಷಿ. ಅಲ್ಲಿಯ ಆಫೀಸುಗಳಿಗಾಗಿ ಕಾರ್ಬೂಸಿಯೆಯ ದಾಯಾದಿ ಪಿಯೇರ್ ಜಾನ್ನೆರೆ ಮುಂತಾದವರು ರಚಿಸಿದ ತೇಗದ ಕುರ್ಚಿಗಳು ಮುರಿದ ಮೇಲೆ ಗುಜರಿಯ ದರಕ್ಕೆ ಹೋದವು. ಅವೇ ಕುರ್ಚಿಗಳು ದುರಸ್ತಿಯಾಗಿ, ಹೆಸರು ಹಚ್ಚಿಕೊಂಡು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದವು. ೨೦೧೧ರಲ್ಲಿ ಕೇಂದ್ರ ಗೃಹ ಖಾತೆ ಇಂಥ ಸಾಮಾನು ಮಾರಬಾರದೆಂದು ಆಜ್ಞೆ ಮಾಡಬೇಕಾಯಿತು. ಮರ ಅದೇ, ಕೂಲಿ ಅದೇ. ಮಾರಿದವರಿಗೆ ಹೆಸರು ಗೊತ್ತಿರಲಿಲ್ಲ, ಕೊಂಡವರಿಗೆ ಗೊತ್ತಿತ್ತು.

೬. ಅಜ್ಜನ ಕಾಸ್ಟ್ ಶೀಟು

ದೀಪಾವಳಿಯ ರಜೆಗೆ ತೂತು ಬಿದ್ದ ಕಂಬಳಿ ಹಿಡಿದುಕೊಂಡು ಅಜ್ಜನ ಊರಿಗೆ ಹೋದೆ. ಬೈಸಿಕೊಳ್ಳುವ ತಯಾರಿಯಲ್ಲೇ ಹೋಗಿದ್ದೆ. ಅಜ್ಜ ಬೆಳಕಿಗೆ ಹಿಡಿದು ನೋಡಿ, "ಹೊತ್ತಗೊಂಡಿಲ್ಲ ನೀ ಇದನ್ನ" ಅಂದ. "ಹೊದ್ದ ಕಂಬಳಿಗೆ ನುಸಿ ಹತ್ತೂದಿಲ್ಲೋ ತಮ್ಮಾ. ಕತ್ತಲಾಗ ಮಡಚಿಟ್ಟದ್ದಕ್ಕs ಹತ್ತತೈತಿ."

ಶಾಸ್ತ್ರವೂ ಅದನ್ನೇ ಹೇಳುತ್ತದೆ. ಉಣ್ಣೆ ತಿನ್ನುವುದು ಹಾರುವ ಹುಳವಲ್ಲ, ಅದರ ಮರಿ. ಕತ್ತಲಿದ್ದು, ಯಾರೂ ಅಲುಗಿಸದ ಜಾಗ ಅದಕ್ಕೆ ಬೇಕು. ವಸ್ತುಸಂಗ್ರಹಾಲಯದವರು ಗೋಡೆಗಂಬಳಿಗಳನ್ನು ಆಗಾಗ ಬಿಚ್ಚಿ ತಪಾಸಣೆ ಮಾಡುವುದು ಇದಕ್ಕಾಗಿಯೇ.

ಅಜ್ಜ ತೂತು ತುಂಬುತ್ತಾ ಕುಳಿತಾಗ ನಾನು ವಹಿ ತೆಗೆದೆ.

"ಅಜ್ಜಾ, ಒಂದ ಕಂಬಳಿಗೆ ಎಷ್ಟ ದಿನಾ ಹಿಡೀತಾವು?"

"ಯಾರ ದಿನಾ ಕೇಳ್ತಿ? ನನ್ನ ದಿನಾನೋ, ನಿಮ್ಮ ಆಯೀ ದಿನಾನೋ?"

ನಾನು ಒಂದೇ ಅಂಕಣ ಗೆರೆ ಹೊಡೆದಿದ್ದೆ. ಅಳಿಸಿ ಎರಡು ಮಾಡಿದೆ. ಉಣ್ಣೆ ಹಿಂಜಲಿಕ್ಕೆ ಒಂದು ದಿನ. ನೂಲಲಿಕ್ಕೆ ಎಂಟು ದಿನ, ಅದು ಆಯಿಯದು. ಓಣಿಯಲ್ಲಿ ಹಾಸು ಹಚ್ಚಿ ಹುಣಸೆ ಬೀಜದ ಗಂಜಿ ಕುಡಿಸಿ ಒಣಗಿಸಲಿಕ್ಕೆ ಒಂದು ದಿನ. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯಲಿಕ್ಕೆ ಮೂರು ದಿನ. ಒಟ್ಟು ಹದಿಮೂರು. ಅದರಲ್ಲಿ ಅಜ್ಜನವು ಐದು, ಆಯಿಯವು ಎಂಟು. ಇಷ್ಟು ವರ್ಷ ಅದನ್ನು ನಾವೆಲ್ಲ ಅಜ್ಜ ನೇಯ್ದ ಕಂಬಳಿ ಅನ್ನುತ್ತಿದ್ದೆವು. ಈ ಲೇಖನದ ಮೊದಲಿಗೆ ನಾನೂ ಹಾಗೆಯೇ ಬರೆದಿದ್ದೇನೆ, ನೋಡಿ.

"ನೂಲಿಗೆ ಯಾರ ಲೆಕ್ಕಾ ಇಡ್ತಾರೋ" ಎಂದು ಆಯಿ ಒಳಗಿನಿಂದಲೇ ನಕ್ಕಳು. "ಕುಂತಾಗ ನೂಲ್ತೇವಿ, ಮಾತಾಡಾಗ ನೂಲ್ತೇವಿ. ಅದೂ ಒಂದ್ ಕೆಲಸೇನ?"

ಸಂತೆಯಲ್ಲಿ ಬಂದ ಹಣದಿಂದ ಉಣ್ಣೆಯ ಖರ್ಚು ಕಳೆದು ಹದಿಮೂರರಿಂದ ಭಾಗಿಸಿದೆ. ದಿನಕ್ಕೆ ನಮ್ಮ ಮೆಸ್ಸಿನ ಒಂದು ಹೊತ್ತಿನ ಊಟದ ದರ ಬಂತು. ಆಯಿಯ ದಿನಗಳನ್ನು ಬಿಟ್ಟು ಐದರಿಂದ ಭಾಗಿಸಿದರೆ ಅಜ್ಜನಿಗೆ ಹೊಲದ ಕೂಲಿಯ ಹತ್ತಿರಕ್ಕೆ ಬರುತ್ತದೆ. ಅಂದರೆ ಈ ಧಂದೆ ಇಷ್ಟು ದಿನ ನಡೆದು ಬಂದದ್ದು ಆಯಿಯ ಎಂಟು ದಿನಕ್ಕೆ ಬೆಲೆ ಕಟ್ಟದೆ ಬಿಟ್ಟದ್ದರಿಂದ.

ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ಒಬ್ಯುಸಾನಿಗೆ ಅಷ್ಟು, ನಮಗೆ ಇಷ್ಟೇ ಎಂದು ಕೂಗುವುದು ಸುಲಭ. ನಮ್ಮ ಕಂಬಳಿಯಲ್ಲಿ ಮೂರು ಚದರ ಮೀಟರಿಗೆ ಮೂರು ದಿನದ ನೇಯ್ಗೆ, ಅಲ್ಲಿ ಅಷ್ಟಕ್ಕೇ ಮೂರು ತಿಂಗಳು. ಎರಡೂ ಒಂದೇ ಅಲ್ಲ. ಅಲ್ಲದೆ ಕಂಬಳಿಯು ದುಡಿಯುವವನು ದುಡಿಯುವವನಿಗಾಗಿ ನೇಯ್ದದ್ದು. ಅದರ ಬೆಲೆ ಕುರುಬನ ಕಿಸೆಯನ್ನು ಮೀರಬಾರದು. ಎಂಟೇ ಕಂಬಳಿ ನೇಯುತ್ತೇನೆ ಎಂದು ಅಜ್ಜ ಹಟ ಹಿಡಿದರೆ ಒಂಬತ್ತನೆಯ ಕುರುಬ ಮಳೆಯಲ್ಲಿ ನೆನೆಯುತ್ತಾನೆ. ಹಾಗಾಗಿ ಮೇಲೆ ಹೇಳಿದ ಮೂರರಲ್ಲಿ ಎಣಿಕೆ ನಮಗೆ ಒಗ್ಗುವುದಿಲ್ಲ. ಹೆಸರು ಮತ್ತು ಚೀಟಿ ಒಗ್ಗಬಹುದು.

ಕಷ್ಟ ಬೇರೆ ಕಡೆಗೂ ಇದೆ. ಈಗ ಕುರಿ ಸಾಕುವುದು ಮಾಂಸಕ್ಕಾಗಿ. ನಮ್ಮ ದಖ್ಖಣದ ಕುರಿಯ ಒರಟು ಉಣ್ಣೆಯನ್ನು ಕೇಳುವವರಿಲ್ಲ; ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಎಷ್ಟೋ ಜನ ಬಿಸಾಡುತ್ತಾರೆ. ಸಂತೆಗೆ ಪಾಣಿಪತ್ತಿನ ಚಾದರ ಬರುತ್ತವೆ. ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು, ಮತ್ತೆ ನೂಲಾಗಿಸಿ ಮಿಲ್ಲಿನಲ್ಲಿ ನೇಯ್ದಂಥವು. ಹಗುರ, ಅಗ್ಗ, ಬಣ್ಣಬಣ್ಣದವು. ನಾನು ಹಾಸ್ಟೆಲಿಗೆ ಕೊಂಡ ಚಾದರದ ಮೂಲೆಯ ಚೀಟಿ ನೋಡಿದೆ. ಪಾಣಿಪತ್ತು ಎಂದೇ ಇತ್ತು.

೭. ಮಾಮಾನ ಪ್ರಶ್ನೆ

ಆ ರಾತ್ರಿ ಊಟಕ್ಕೆ ಕುಳಿತಾಗ ಮಾಮಾ ಮಾತು ತೆಗೆದ. ಯುಗಾದಿಯೊಳಗೆ ಮನೆಗೆ ಫರ್ಸಿ ಹಾಕಿಸಬೇಕು, ಮಗ್ಗದ ಕುಣಿ ನಡುಮನೆಯಲ್ಲೇ ಇದೆ, ಅದನ್ನು ಮುಚ್ಚಬೇಕು. "ನೀ ಲೆಕ್ಕಾ ಕಲ್ತಾಂವ. ನೀನs ಹೇಳು. ಮುಚ್ಚೂದೋ, ಬಿಡೂದೋ?"

ಎಲ್ಲರೂ ನನ್ನ ಮುಖ ನೋಡಿದರು. ವಹಿ ಪಕ್ಕದಲ್ಲೇ ಇತ್ತು. ಅದರ ಪ್ರಕಾರ ಉತ್ತರ ಒಂದೇ: ನಷ್ಟದ ವಿಭಾಗವನ್ನು ಮುಚ್ಚಬೇಕು. ಪರೀಕ್ಷೆಯಲ್ಲಾದರೆ ಹಾಗೆಯೇ ಬರೆದು ಗುಣ ಗಳಿಸುತ್ತಿದ್ದೆ. ನಾನು ಸುಳ್ಳು ಹೇಳಲಿಲ್ಲ. ಲೆಕ್ಕದ ಪ್ರಕಾರ ನಡೆಯುವುದಿಲ್ಲ ಮಾಮಾ ಎಂದೇ ಹೇಳಿದೆ. ಆದರೆ ಲೆಕ್ಕದಲ್ಲಿ ಎರಡು ಅಂಕಣ ಇನ್ನೂ ಖಾಲಿ ಇವೆ, ಹೆಸರಿನದು ಮತ್ತು ಚೀಟಿಯದು, ಅವನ್ನು ಯಾರೂ ತುಂಬಿ ನೋಡಿಲ್ಲ ಎಂದೂ ಹೇಳಿದೆ.

ಅಜ್ಜ ಮಜ್ಜಿಗೆ ಕುಡಿದು ತಟ್ಟೆಗೆ ಕೈ ತೊಳೆದ. "ಮುಚ್ಚಿದ್ರ ಮುಚ್ಚರಿ. ಕುಣಿ ಮನೀದು, ನಂದೇನಲ್ಲ. ಖರೆ ಈಗ ಒಂದ ಹಾಸು ಹಚ್ಚೇನಿ. ಅದೊಂದು ಮುಗೀಲಿ." ಅಷ್ಟೇ ಅಂದು ಎದ್ದ.

ಮರುದಿನ ನಾನು ಒಂದು ಬಿಳಿ ಅರಿವೆಯ ತುಂಡು, ಅಳಿಸದ ಮಸಿಯ ಪೆನ್ನು ತಂದೆ. ಒಬ್ಯುಸಾನಿನ ಚೀಟಿಯ ಕತೆ ಹೇಳಿ, ನಿನ್ನ ಹೆಸರು ಬರಿ ಅಜ್ಜಾ ಎಂದೆ. ಅಜ್ಜನಿಗೆ ಬೆರಗಾಯಿತು. "ನಂದು ಅಂತ ನಂಗ ಅಂಚು ನೋಡಿದ್ರ ಗೊತ್ತಾಗತೈತಿ. ಸಂತ್ಯಾಗ ಯಾವನ ಹೆಗಲ ಮ್ಯಾಲಿದ್ರೂ ಗುರತಾ ಹಿಡೀತೇನಿ. ಮತ್ತ ಯಾಕ ಬರೀಬೇಕು?" ಕೊಳ್ಳುವವರಿಗೆ ಅಂಚು ಓದಲಿಕ್ಕೆ ಬರುವುದಿಲ್ಲ, ಅವರಿಗಾಗಿ ಎಂದೆ. ಆಮೇಲೆ ಮೊಣಕಾಲ ಮೇಲೆ ಅರಿವೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಬರೆದ. ಊರು ಬರೆದ. ಪೆನ್ನು ನನ್ನ ಕೈಗೆ ಕೊಡುವವನು ತಡೆದು, ತನ್ನ ಹೆಸರಿನ ಮೇಲೆ ಉಳಿದಿದ್ದ ಜಾಗ ತೋರಿಸಿದ.

"ಇಲ್ಲಿ ನಿಮ್ಮ ಆಯೀ ಹೆಸರ ಬರಿ. ಆಕಿವು ಎಂಟ ದಿನಾ ಅಂತ ನೀನs ಅಂದಿ."

ಆ ಚೀಟಿ ಹೊಲಿದ ಕಂಬಳಿ ಈಗ ನನ್ನ ಮಂಚದ ಮೇಲಿದೆ. ತೂತು ತುಂಬಿದ ಜಾಗಗಳಲ್ಲಿ ಉಣ್ಣೆ ಸ್ವಲ್ಪ ಹೊಸದಾಗಿ ಕಾಣುತ್ತದೆ. ರೂಮಿನ ಗೆಳೆಯ ತಿರುಗಿಸಿ ನೋಡಿ, ಕನ್ನಡ ಅಕ್ಷರ ಓದಲಾರದೆ, ಏನಿದೆ ಎಂದು ಕೇಳಿದ. ಓದಿ ಹೇಳಿದೆ. ತನ್ನ ಅಜ್ಜಿಯ ಮನೆಯ ಘೋಂಗಡಿ ಯಾರು ನೇಯ್ದದ್ದು ಎಂದು ಮನೆಗೆ ಫೋನು ಮಾಡಿ ವಿಚಾರಿಸಿದ. ಅವರಿಗೂ ಗೊತ್ತಿರಲಿಲ್ಲವಂತೆ.

ಯುಗಾದಿಗೆ ಇನ್ನೂ ಎರಡು ತಿಂಗಳಿದೆ. ಹಾಸು ಮಗ್ಗದ ಮೇಲಿದೆ.

ಅಭ್ಯಾಸಕ್ಕೆ:

೧. ಹಾಸು, ಹೊಕ್ಕು ಈ ಶಬ್ದಗಳ ಅರ್ಥ ತಿಳಿಸಿ. ಕಂಬಳಿಗೂ ಗೋಡೆಗಂಬಳಿಗೂ ನೇಯ್ಗೆಯಲ್ಲಿರುವ ಮುಖ್ಯ ವ್ಯತ್ಯಾಸ ಯಾವುದು?

೨. ಚಂಡೀಗಡದ ಹೈಕೋರ್ಟಿನ ಗೋಡೆಗಳಿಗೆ ಉಣ್ಣೆ ಯಾಕೆ ಬೇಕಾಯಿತು?

೩. ನಿಮ್ಮ ಮನೆಯಲ್ಲಿ ಕೈಯಿಂದ ಮಾಡಿದ ಒಂದು ಹಳೆಯ ವಸ್ತುವನ್ನು ಆರಿಸಿರಿ. ಅದಕ್ಕೆ ಯಾರ ಯಾರ ಎಷ್ಟು ದಿನ ಹಿಡಿದಿದೆ ಎಂದು ಕೇಳಿ ಬರೆಯಿರಿ. ಯಾರ ದಿನ ಲೆಕ್ಕಕ್ಕೆ ಬಂದಿಲ್ಲ?

೪. ಮಾಮಾ ನಿಮ್ಮನ್ನು ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಯುಗಾದಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.